ಓದುಗರ ಪ್ರಶ್ನೆ: ಮೊದಲು ಟೇಪು ಹಿಡಿಯಲಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಸೊಸೈಟಿಯ ಸೋರುವ ಟೆರೇಸು, ಊರಮನೆಯ ಗೆದ್ದಲು ಎಲ್ಲ ಹಿಂದೆ ಸರಿದು ಮಕ್ಕಳ ಅಡ್ಮಿಶನ್ ಮುಂದೆ ಬರುತ್ತದೆ. ಈ ಸಲ ಅವಕ್ಕಷ್ಟೇ ಉತ್ತರ. ಟೆರೇಸಿನವರು ಮುಂದಿನ ಸಂಚಿಕೆಯವರೆಗೆ ಬಕೆಟ್ ಇಟ್ಟುಕೊಂಡಿರಿ.

ಮಗಳು ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಎರಡರಲ್ಲೂ ಎ ಗ್ರೇಡ್. ಆರ್ಕಿಟೆಕ್ಚರಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅವಳು ಮಾತ್ರ ಆರ್ಕಿಟೆಕ್ಚರ್, ಪ್ಲಾನಿಂಗ್, ಲ್ಯಾಂಡ್‌ಸ್ಕೇಪ್, ಆರ್ಟ್ ಡಿಸೈನ್ ಎಲ್ಲ ಒಂದೇ ಕಡೆ ಇರುವ ಕಾಲೇಜು ಹುಡುಕುತ್ತಿದ್ದಾಳೆ. ಇವುಗಳಲ್ಲಿ ವ್ಯತ್ಯಾಸವೇನು? ಒಂದನ್ನು ಹೇಗೆ ಆರಿಸುವುದು? (ಒಬ್ಬ ತಾಯಿ, ಡೊಂಬಿವಲಿ)

ಎ ಗ್ರೇಡಿಗೆ ಅಭಿನಂದನೆ ತಿಳಿಸಿ. ಆದರೆ ಆರ್ಕಿಟೆಕ್ಟ್ ಆಗುತ್ತಾಳೆ ಅನ್ನುವುದಕ್ಕೆ ಅದು ಪುರಾವೆಯಲ್ಲ. ಮುಂಬೈಯ ಆರ್ಕಿಟೆಕ್ಚರ್ ಕಾಲೇಜುಗಳ ಸ್ಟುಡಿಯೊಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಕೈಯ ಚಂದ ಎರಡನೇ ವರ್ಷಕ್ಕೆಲ್ಲ ಹೆಚ್ಚುಕಮ್ಮಿ ಸಮವಾಗಿಬಿಡುತ್ತದೆ. ಮೊದಲ ದಿನ ಶೇಡಿಂಗ್ ಮಾಡಿ ಎಲ್ಲರನ್ನೂ ಬೆರಗುಗೊಳಿಸಿದ ಹುಡುಗ, ಮೇಷ್ಟರ ಎದುರು ತನ್ನ ವಿನ್ಯಾಸ ಒಪ್ಪಿಸುವ ಜ್ಯೂರಿಯ ದಿನ ‘ಈ ಮೆಟ್ಟಿಲು ಮೇಲೆ ಹತ್ತಿ ಎಲ್ಲಿಗೆ ಹೋಗುತ್ತದಪ್ಪ?’ ಅಂತ ಕೇಳಿದರೆ ಬೆಪ್ಪಾಗಿ ನಿಲ್ಲುವುದುಂಟು. ಗೆರೆ ಸೊಟ್ಟಗೆ ಎಳೆಯುವ ಹುಡುಗಿ ‘ಸರ್, ಮಧ್ಯಾಹ್ನ ಮೂರರ ಬಿಸಿಲು ಇಲ್ಲಿ ಬೀಳತ್ತೆ, ಅದಕ್ಕೇ ಕಿಟಕಿ ಆ ಕಡೆ ತಿರುಗಿಸಿದೆ’ ಅನ್ನುತ್ತಾಳೆ. ಕೋರ್ಸಿನ ಐದು ವರ್ಷ ಗಟ್ಟಿಯಾಗಿ ನಿಲ್ಲುವವಳು ಇವಳು.

ವ್ಯತ್ಯಾಸ ತಿಳಿಯಲು ದೂರ ಹೋಗಬೇಕಾಗಿಲ್ಲ, ನಿಮ್ಮ ಡೊಂಬಿವಲಿ ಸ್ಟೇಷನ್ ಸಾಕು. ಬೆಳಿಗ್ಗೆ ಎಂಟೂಕಾಲಿಗೆ ಮಗಳನ್ನು ಪಾದಚಾರಿ ಸೇತುವೆಯ ಮೇಲೆ ನಿಲ್ಲಿಸಿ, ಅವಳ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ. ಸೇತುವೆಯ ಅಗಲ, ಮೆಟ್ಟಿಲಿನ ಎತ್ತರ, ಮಳೆ ಓರೆಯಾಗಿ ಬಂದಾಗ ಚಾವಣಿ ಎಷ್ಟು ಜನರನ್ನು ಕಾಯುತ್ತದೆ ಅಂತ ತಲೆ ಕೆಡಿಸಿಕೊಂಡರೆ ಅದು ಆರ್ಕಿಟೆಕ್ಚರ್. ಇಷ್ಟು ಜನ ದಿನಾ ಐವತ್ತು ಕಿಲೋಮೀಟರ್ ದೂರ ಯಾಕೆ ಹೋಗಬೇಕು, ಕೆಲಸವೇ ಕಲ್ಯಾಣದ ಕಡೆ ಯಾಕೆ ಬರಲಿಲ್ಲ, ರಿಕ್ಷಾ ಸ್ಟ್ಯಾಂಡಿಗೂ ಕಾಯಿಪಲ್ಲೆ ಮಾರುವವಳಿಗೂ ಜಾಗ ಹಂಚಿಕೊಡುವವರು ಯಾರು ಅಂತ ಕೇಳಿದರೆ ಅದು ಪ್ಲಾನಿಂಗ್. ಪ್ಲಾಟ್‌ಫಾರಂ ಮೇಲೆ ಬಿದ್ದ ನೀರು ಯಾವ ನಾಲೆ ಹಿಡಿದು ಉಲ್ಹಾಸ ನದಿಯ ಖಾಡಿಗೆ, ಅಂದರೆ ಅಳಿವೆಗೆ, ಸೇರುತ್ತದೆ, ಜನ ಕ್ಯೂ ನಿಲ್ಲುವಲ್ಲಿ ಒಂದೂ ಮರ ಯಾಕಿಲ್ಲ ಅನ್ನುವವಳಿಗೆ ಲ್ಯಾಂಡ್‌ಸ್ಕೇಪ್. ಇಂಡಿಕೇಟರಿನ ಅಕ್ಷರ ಓಡುತ್ತ ಬರುವವರಿಗೆ ಕಾಣುವುದಿಲ್ಲ, ಲೇಡೀಸ್ ಡಬ್ಬಿಯ ಹಿಡಿಕೆ ಕುಳ್ಳಗಿನವರ ಕೈಗೆಟುಕುವುದಿಲ್ಲ ಅಂತ ಗೊಣಗಿದರೆ ಅವಳು ಡಿಸೈನಿನವಳು. ಏನನ್ನೂ ಗಮನಿಸದೆ ಜನರ ಮುಖಗಳನ್ನೇ ಸ್ಕೆಚ್ ಮಾಡುತ್ತ ಕೂತಳೆನ್ನಿ, ದಯವಿಟ್ಟು ಫೈನ್ ಆರ್ಟಿಗೆ ಕಳಿಸಿ. ಅದೇನೂ ಕೆಳಗಿನ ಮೆಟ್ಟಿಲಲ್ಲ.

ಇನ್ನೊಂದು ಪರೀಕ್ಷೆ, ಖರ್ಚಿಲ್ಲದ್ದು. ಐದು ಮೀಟರಿನ ಟೇಪು ಕೊಟ್ಟು ‘ನಮ್ಮ ಮನೆಯನ್ನು ಅಳೆದು ಬಿಡಿಸು’ ಅನ್ನಿ. ಒಂದಕ್ಕೆ ಐವತ್ತರ ಪ್ರಮಾಣದಲ್ಲಿ ಪ್ಲಾನು, ಅಡುಗೆಮನೆಯನ್ನು ಸೀಳಿದರೆ ಕಾಣುವ ಒಂದು ಸೆಕ್ಷನ್. ಹೊರಗೋಡೆ ಒಂಬತ್ತು ಇಂಚು, ಒಳಗೋಡೆ ನಾಲ್ಕೂವರೆ, ಬಿಲ್ಡರ್ ಹೇಳಿದ ಕಾರ್ಪೆಟ್ ಏರಿಯಾ ಲೆಕ್ಕಕ್ಕೆ ಸಿಗುತ್ತಿಲ್ಲ, ರೂಮಿನ ಮೂಲೆ ತೊಂಬತ್ತು ಡಿಗ್ರಿ ಇಲ್ಲವೇ ಇಲ್ಲ, ಇದೆಲ್ಲ ಗೊತ್ತಾಗುವ ಹೊತ್ತಿಗೆ ಅವಳಿಗೆ ಹುರುಪು ಬಂದಿರಬೇಕು. ಬೇಜಾರು ಬಂದಿದ್ದರೆ ಅದನ್ನೂ ನಂಬಿ. ಇದು ನನ್ನ ಆವಿಷ್ಕಾರವಲ್ಲ. ಕ್ಲಾಡ್ ಬ್ಯಾಟ್ಲಿ 1923ರಿಂದ 1943ರವರೆಗೆ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಆರ್ಕಿಟೆಕ್ಚರಿನ ಮುಖ್ಯಸ್ಥರಾಗಿದ್ದರು. ವಿಲಾಯಿತಿಯ ಕಂಬಗಳನ್ನು ನಕಲು ಮಾಡಿದ್ದು ಸಾಕು ಅಂತ ಅವರು ಹುಡುಗರನ್ನು ಇಲ್ಲಿನ ಹಳೆಯ ಕಟ್ಟಡಗಳ ಎದುರು ನಿಲ್ಲಿಸಿ ಅಳತೆ ತೆಗೆಸಿದರು. ಮುಂಬೈ, ಪುಣೆಯ ಕಾಲೇಜುಗಳಲ್ಲಿ ಮೆಷರ್ಡ್ ಡ್ರಾಯಿಂಗ್ ಅನ್ನುವ ಆ ರೂಢಿ ಇವತ್ತಿಗೂ ಇದೆ.

ಎಲ್ಲ ಒಂದೇ ಕಡೆ ಇರುವ ಕಾಲೇಜಿನ ಆಸೆ ಒಳ್ಳೆಯದೇ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್, ಪ್ಲಾನಿಂಗ್, ಡಿಸೈನ್ ಅಕ್ಕಪಕ್ಕದಲ್ಲೇ ಇವೆ. ಅಲ್ಲಿನ ಆರ್ಕಿಟೆಕ್ಚರ್ ಶಾಲೆಯನ್ನು 1962ರಲ್ಲಿ ಶುರುಮಾಡಿದ ಬಿ.ವಿ. ದೋಶಿ ಪುಣೆಯಲ್ಲಿ ಹುಟ್ಟಿ ಜೆ.ಜೆ.ಯಲ್ಲಿ ಕಲಿತವರು. ನಮ್ಮ ಜೆ.ಜೆ.ಯಲ್ಲಿ ಕಲೆ, ಅಪ್ಲೈಡ್ ಆರ್ಟ್, ಆರ್ಕಿಟೆಕ್ಚರ್ ಮೂರೂ ಒಂದೇ ಕಾಂಪೌಂಡಿನೊಳಗೆ ಇದ್ದರೂ ಬೇರೆ ಬೇರೆ ಕಾಲೇಜುಗಳಾಗಿಯೇ ಬದುಕಿದವು. 2023ರಲ್ಲಿ ಮೂರನ್ನೂ ಸೇರಿಸಿ ಡೀಮ್ಡ್ ವಿಶ್ವವಿದ್ಯಾಲಯ ಮಾಡಿದ್ದಾರೆ. ಬೋರ್ಡಿನ ಮೇಲೆ ಒಂದಾದವರು ಕ್ಯಾಂಟೀನಿನಲ್ಲೂ ಒಟ್ಟಿಗೆ ಕೂರುತ್ತಾರೆಯೇ ಅಂತ ಹೋಗಿ ನೋಡಿ. ಪ್ರಾಸ್ಪೆಕ್ಟಸ್ ಓದುವುದಕ್ಕಿಂತ ಜ್ಯೂರಿ ನಡೆಯುವ ವಾರದಲ್ಲಿ ಸ್ಟುಡಿಯೊದ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಹೆಚ್ಚು ಗೊತ್ತಾಗುತ್ತದೆ. ಮೇಷ್ಟರು ಶೀಟಿನ ಬಗ್ಗೆ ಮಾತಾಡುತ್ತಿದ್ದರೆ ಸರಿ. ಹುಡುಗಿಯ ಬಗ್ಗೆ ಮಾತಾಡುತ್ತಿದ್ದರೆ ಬೇರೆ ಕಾಲೇಜು ನೋಡಿ.

ಮಗನಿಗೆ ಬಿ. ಪ್ಲಾನಿಂಗ್ ಬೇಕಂತೆ. ಮುನ್ಸಿಪಾಲಿಟಿ ಗುಮಾಸ್ತ ಆಗುವುದಕ್ಕೆ ನಾಲ್ಕು ವರ್ಷ ಯಾಕೆ? ನಮ್ಮದೇ ಹೋಟೆಲ್ ಇದೆ. (ಹೋಟೆಲ್ ಮಾಲಕರು, ಥಾಣೆ)

ಸ್ವಾಮಿ, ಹೋಟೆಲ್ ಹಾಕುವ ಮುಂಚೆ ಆ ಜಾಗದ ಬಗ್ಗೆ ಊರಿನ ಡೆವಲಪ್‌ಮೆಂಟ್ ಪ್ಲಾನ್ ಏನು ಹೇಳುತ್ತದೆ ಅಂತ ತಿಳಿಸುವ ‘ಡಿ.ಪಿ. ರಿಮಾರ್ಕ್’ ತೆಗೆಸಿದವರು ತಾವೇ ಅಲ್ಲವೇ? ಎದುರಿನ ರಸ್ತೆ ಅಗಲವಾದರೆ ಗಲ್ಲಾಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಅನ್ನುವ ಚಿಂತೆ ಈ ಊರಿನ ಪ್ರತಿಯೊಬ್ಬ ಹೋಟೆಲಿನವರಿಗೂ ಇದೆ. ನಕ್ಷೆಯಲ್ಲಿ ಆ ರಸ್ತೆಯ ಗೆರೆ ಎಳೆಯುವ ವಿದ್ಯೆಯನ್ನೇ ನಿಮ್ಮ ಮಗ ಕಲಿಯುತ್ತೇನೆ ಅನ್ನುತ್ತಿರುವುದು. ಗೆರೆ ಎಳೆಯುವವರು ಹನ್ನೊಂದು ಗಂಟೆಯ ಟೀ ಗಿರಾಕಿ ಎಲ್ಲಿಂದ ಬರುತ್ತಾನೆ ಅಂತ ಬಲ್ಲವರಾದರೆ ಊರಿಗೆ ಒಳ್ಳೆಯದೇ.

ಈ ವಿದ್ಯೆಗೆ ಮುಂಬೈಯಷ್ಟು ದೊಡ್ಡ ಪಾಠಶಾಲೆ ದೇಶದಲ್ಲೇ ಇಲ್ಲ. ಭಾರತದ ಮೊದಲ ಟೌನ್ ಪ್ಲಾನಿಂಗ್ ಕಾಯಿದೆ 1915ರ ಬಾಂಬೆ ಕಾಯಿದೆ. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ 1919ರಿಂದ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ. ಊರನ್ನು ಕೆಡವಿ ಕಟ್ಟುವ ಮೊದಲು ಅದರ ಗಲ್ಲಿ ಗಲ್ಲಿ ನಡೆಯಿರಿ, ಬಾವಿ ಎಲ್ಲಿದೆ, ಹೆಂಗಸರು ಎಲ್ಲಿ ಕೂರುತ್ತಾರೆ ನೋಡಿ, ಆಮೇಲೆ ಎಷ್ಟು ಬೇಕೋ ಅಷ್ಟೇ ಕತ್ತರಿ ಆಡಿಸಿ ಅನ್ನುವುದು ಅವರ ವಾದ. ನೂರು ವರ್ಷ ದಾಟಿತು. ಕತ್ತರಿ ಹಿಡಿದವರು ಗಲ್ಲಿ ನಡೆದದ್ದು ಕಡಿಮೆ.

ಆಮೇಲೆ ನವಿ ಮುಂಬೈ. 1960ರ ದಶಕದ ನಡುವಿನಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಎಂಬ ಇಬ್ಬರು ಆರ್ಕಿಟೆಕ್ಟರು, ಶಿರೀಶ್ ಪಟೇಲ್ ಎಂಬ ಇಂಜಿನಿಯರ್ ಸೇರಿ, ನಗರವನ್ನು ಇನ್ನೂ ಉತ್ತರಕ್ಕೆ ಎಳೆಯಬೇಡಿ, ಖಾಡಿ ದಾಟಿಸಿ ಅಂದರು. 1970ರಲ್ಲಿ ಈ ಹೊಸ ಊರು ಕಟ್ಟುವುದಕ್ಕೆ ಸಿಡ್ಕೋ ಎಂಬ ಸರ್ಕಾರಿ ನಿಗಮ ಹುಟ್ಟಿತು. ವಾಶಿ, ನೆರೂಲ್, ಬೇಲಾಪುರದಲ್ಲಿ ಎಷ್ಟು ಕನ್ನಡದ ಮನೆಗಳಿವೆ ನೀವೇ ಲೆಕ್ಕ ಹಾಕಿ. ಆ ಮೂವರ ಸಲಹೆಯ ತಿರುಳು ಸರ್ಕಾರದ ಕಚೇರಿಗಳೇ ಖಾಡಿಯ ಆಚೆ ಹೋಗಬೇಕು, ಆಗ ಕೆಲಸವೂ ಹಿಂದೆಯೇ ಹೋಗುತ್ತದೆ ಎಂಬುದು. ಮುಂಬೈಯ ಮಂತ್ರಾಲಯ, ಅಂದರೆ ರಾಜ್ಯ ಸರ್ಕಾರದ ಸಚಿವಾಲಯ ಮಾತ್ರ ಕದಲಲಿಲ್ಲ. ಬದಲಿಗೆ ನರಿಮನ್ ಪಾಯಿಂಟಿನಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಟವರುಗಳೆದ್ದವು. ಒಳ್ಳೆಯ ನಕ್ಷೆಯಲ್ಲಿ ಮುಖ್ಯವಾದ ಒಂದು ಸಾಲು ಅಳಿಸಿದರೆ ಏನಾಗುತ್ತದೆ ಅಂತ ನಿಮ್ಮ ಮಗ ಮೊದಲ ವರ್ಷವೇ ಓದುತ್ತಾನೆ.

ಕೆಲಸದ ಮಾತು. ಆರ್ಕಿಟೆಕ್ಟ್ ಒಂದು ಟೇಬಲ್ ಹಾಕಿಕೊಂಡು ಸ್ವಂತ ಆಫೀಸು ತೆರೆಯಬಹುದು, ಪ್ಲಾನರಿಗೆ ಅದು ಕಷ್ಟ. ಸಿಡ್ಕೋ, ಮುಂಬೈ ಮಹಾನಗರ ಪ್ರದೇಶದ ಪ್ರಾಧಿಕಾರವಾದ ಎಂ.ಎಂ.ಆರ್.ಡಿ.ಎ., ರಾಜ್ಯದ ನಗರ ರಚನಾ ಇಲಾಖೆ, ಇಲ್ಲವೇ ಮೆಟ್ರೊ, ಹೆದ್ದಾರಿ, ವಸತಿ ಯೋಜನೆಗಳ ದೊಡ್ಡ ಕನ್ಸಲ್ಟೆನ್ಸಿಗಳು, ಹೀಗೆ ಅವನು ಯಾರದ್ದಾದರೂ ಕಚೇರಿಯಲ್ಲೇ ಇರಬೇಕು. ಪುಣೆಯ ಸಿ.ಒ.ಇ.ಪಿ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬಿ. ಪ್ಲಾನಿಂಗ್ ಇದೆ. ದೆಹಲಿ, ಭೋಪಾಲ್, ವಿಜಯವಾಡದ ಎಸ್.ಪಿ.ಎ.ಗಳಲ್ಲೂ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಇದೆ. ಎಸ್.ಪಿ.ಎ.ಗಳಿಗೆ ಜೆಇಇ ಮೇನ್‌ನ ಪೇಪರ್ 2ಬಿ ಬರೆಯಬೇಕು. ಶನಿವಾರ-ಭಾನುವಾರ ಗಲ್ಲಾದಲ್ಲಿ ಕೂರಿಸಿಕೊಳ್ಳಿ, ಅದೂ ಪಾಠವೇ.

ಪಣಜಿಯ ಅಲ್ತಿನೊದ ಗೋವಾ ಕಾಲೇಜ್ ಆಫ್ ಆರ್ಕಿಟೆಕ್ಚರಿನಲ್ಲಿ ಓದುತ್ತಿದ್ದೇನೆ. ಮುಂದೆ ಲ್ಯಾಂಡ್‌ಸ್ಕೇಪಿನಲ್ಲಿ ಎಂ.ಆರ್ಕ್ ಮಾಡುವ ಆಸೆ. ಅಪ್ಪ ಹಾವೇರಿಯಿಂದ ಬಂದು ಇಲ್ಲಿ ಬಂದರಿನಲ್ಲಿ ದುಡಿದವರು. ‘ಮಾಲಿ ಕೆಲಸಕ್ಕೆ ಎರಡು ವರ್ಷ ಮತ್ತೆ ಫೀಸು ಕಟ್ಟಬೇಕಾ’ ಅನ್ನುತ್ತಾರೆ. (ವಿದ್ಯಾರ್ಥಿನಿ, ವಾಸ್ಕೊ)

ಅಪ್ಪನನ್ನು ಒಂದು ಭಾನುವಾರ ಪಣಜಿಯಿಂದ ರಿಬಂದರ್ ದಾರಿಯಲ್ಲಿ ಕರೆದುಕೊಂಡು ಹೋಗಿ, ಫೆರಿ ಹತ್ತಿಸಿ, ದಿವಾಡಿ ಇಲ್ಲವೇ ಚೋಡಣ ದ್ವೀಪದಲ್ಲಿ ಇಳಿಸಿ. ಖಾಜನ್ ಗದ್ದೆ ತೋರಿಸಿ.

ಹಾವೇರಿಯ ರೈತನ ಮಗನಿಗೆ ಅದು ವಿಚಿತ್ರವಾಗಿ ಕಾಣುತ್ತದೆ: ಉಬ್ಬರದಲ್ಲಿ ಉಪ್ಪುನೀರು ಗದ್ದೆಗಿಂತ ಎತ್ತರದಲ್ಲಿ ನಿಂತಿರುತ್ತದೆ, ಗದ್ದೆಯಲ್ಲಿ ಭತ್ತವೂ ಇರುತ್ತದೆ. ನಡುವೆ ಇರುವುದು ಮಣ್ಣು, ಹುಲ್ಲು, ಜಂಬಿಟ್ಟಿಗೆ ಕಲ್ಲಿನ ಒಂದು ಒಡ್ಡು, ಅದನ್ನು ಅಲೆಯಿಂದ ಕಾಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಮತ್ತು ಮಾನಸ್ ಅನ್ನುವ ಮರದ ತೂಬು. ಆ ತೂಬಿನ ಬಾಗಿಲಿಗೆ ಮೋಟಾರಿಲ್ಲ, ಕಾವಲುಗಾರ ಎದ್ದು ಮುಚ್ಚಬೇಕಾಗಿಲ್ಲ. ಉಬ್ಬರ ಬಂದರೆ ಹೊರಗಿನ ನೀರೇ ಅದನ್ನು ದೂಡಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ಮಳೆನೀರು ದೂಡಿ ತೆರೆಯುತ್ತದೆ. ಉಪ್ಪು ತಡೆಯುವ ಕೊರ್ಗುಟ್ ಭತ್ತ ಮಳೆಗಾಲಕ್ಕೆ, ತೂಬಿನ ಬಾಯಲ್ಲಿ ಮೀನು, ಬೇಸಿಗೆಗೆ ಕೆಲವು ಕಡೆ ಉಪ್ಪಿನಾಗರ. ಊರಿನವರು ಸೇರಿ ಒಡ್ಡು ಕಟ್ಟುತ್ತಿದ್ದರು, ಮೀನಿನ ಹಕ್ಕು ಹರಾಜು ಹಾಕಿ ದುರಸ್ತಿಗೆ ದುಡ್ಡು ಎತ್ತುತ್ತಿದ್ದರು. ನಾನು ಕುಮಟಾ ಕಡೆಯವನು. ಅಘನಾಶಿನಿಯ ದಂಡೆಯಲ್ಲಿ ಮಾಣಿಕಟ್ಟೆಯ ಗಜನಿ ಗದ್ದೆ, ಉಪ್ಪು ತಡೆಯುವ ಕಗ್ಗ ಭತ್ತ, ಜಂತ್ರಡಿ ಅನ್ನುವ ತೂಬು ನೋಡುತ್ತ ಬೆಳೆದವನು. ಅದೇ ವಿದ್ಯೆ, ಅದೇ ಕರಾವಳಿ, ನಡುವೆ ರಾಜ್ಯದ ಗಡಿಯೊಂದು ಬಂದಿದೆ ಅಷ್ಟೆ. ಆದರೆ ಊರಿನಲ್ಲಿ ಯಾರೂ ನನಗೆ ಅದನ್ನು ವಿನ್ಯಾಸ ಅಂತ ಹೇಳಿಕೊಡಲಿಲ್ಲ. ಕಾಲೇಜಿನಲ್ಲೂ ಇಲ್ಲ. ಅಲ್ಲಿ ರೋಮಿನ ಕಾರಂಜಿಗಳ ಬಗ್ಗೆ ಹೇಳಿಕೊಟ್ಟರು.

ಇಂಥದ್ದನ್ನು ಓದಿ, ಅಳೆದು, ಹೊಸ ಊರಿನಲ್ಲಿ ಬಳಸಬಲ್ಲವರು ಲ್ಯಾಂಡ್‌ಸ್ಕೇಪಿನವರು. ಅವರನ್ನು ಕೇಳದಿದ್ದರೆ ಏನಾಗುತ್ತದೆ ಅಂತ ತಿಳಿಯಲು ನಮ್ಮ ಮುಂಬೈಯನ್ನು ನೋಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಅಷ್ಟು ಮಳೆಗೆ ಯಾವ ಊರೂ ಒದ್ದೆಯಾಗುತ್ತದೆ, ಒಪ್ಪೋಣ. ಆದರೆ ಮಿಠಿ ನದಿಯ ಎರಡೂ ಮಗ್ಗುಲಿಗೆ ಮಣ್ಣು ತುಂಬಿ, ವಿಮಾನ ನಿಲ್ದಾಣದ ಬಳಿ ಅದನ್ನು ತಿರುಗಿಸಿ, ಮಾಹಿಮ್ ಖಾಡಿಯ ಕಾಂಡ್ಲಾ ಕಡಿದು, ಅದು ನದಿ ಅನ್ನುವುದನ್ನೇ ಮರೆತಿದ್ದೆವು. ಕುರ್ಲಾ, ಕಲೀನಾದಲ್ಲಿದ್ದ ನಮ್ಮವರಿಗೆ ಆ ರಾತ್ರಿ ನೀರು ನೆನಪಿಸಿತು. ನದಿಯ ಪಕ್ಕ ಎಷ್ಟು ಜಾಗ ಖಾಲಿ ಬಿಡಬೇಕು ಅಂತ ಹೇಳುವ ಕೆಲಸವನ್ನು ಅಪ್ಪ ಮಾಲಿ ಕೆಲಸ ಅಂತಾರಾದರೆ, ಅನ್ನಲಿ ಬಿಡಿ, ಮಾಲಿಗೂ ಗೌರವ ಬಂತು.

ನಮ್ಮಲ್ಲಿ ಲ್ಯಾಂಡ್‌ಸ್ಕೇಪ್ ಹೆಚ್ಚಾಗಿ ಸ್ನಾತಕೋತ್ತರದಲ್ಲೇ ಸಿಗುವುದು. ನೀವು ಬಿ.ಆರ್ಕ್ ಮುಗಿಸಿ ಹೋಗುವುದೇ ಸರಿಯಾದ ದಾರಿ. ಪುಣೆಯ ಕರ್ವೆನಗರದ ಬಿ.ಎನ್.ಸಿ.ಎ. ಹೆಣ್ಣುಮಕ್ಕಳ ಕಾಲೇಜು, ಅಲ್ಲಿ ಇದೆ. ಅಹಮದಾಬಾದಿನ ಸೆಪ್ಟ್, ದೆಹಲಿಯ ಎಸ್.ಪಿ.ಎ.ಯಲ್ಲೂ ಇದೆ. ಥೀಸಿಸ್‌ಗೆ ರೆಸಾರ್ಟ್ ಆರಿಸಬೇಡಿ. ಗೋವಾದಲ್ಲಿ ರೆಸಾರ್ಟ್ ಬಿಡಿಸುವವರಿಗೆ ಕೊರತೆಯಿಲ್ಲ. ಒಡೆದ ಒಂದು ಒಡ್ಡು ಹುಡುಕಿ.

ಮಗ ಹನ್ನೆರಡನೆಯದರಲ್ಲಿ ಗಣಿತ ಬಿಟ್ಟು ಬಯಾಲಜಿ ತೆಗೆದುಕೊಂಡಿದ್ದ. ಈಗ ಆರ್ಕಿಟೆಕ್ಚರ್ ಅನ್ನುತ್ತಾನೆ. ಆರ್ಕಿಟೆಕ್ಚರಿನ ಪ್ರವೇಶ ಪರೀಕ್ಷೆ ನಾಟಾ ಬರೆದರೆ ಸಾಕಲ್ಲವೇ? (ಓದುಗರು, ಚಿಂಚ್‌ವಡ್, ಪುಣೆ)

ಸಾಲದು. ಬಿ.ಆರ್ಕ್‌ಗೆ ಹನ್ನೆರಡನೆಯದರಲ್ಲಿ ಫಿಸಿಕ್ಸ್ ಜೊತೆ ಗಣಿತ ಇರಲೇಬೇಕು, ಇಲ್ಲವೇ ಹತ್ತರ ಮೇಲೆ ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಆಗಿರಬೇಕು. ನಾಟಾ ಅದರ ಮೇಲಿನ ಮಾತು. ಅದು 200 ಅಂಕದ ಪರೀಕ್ಷೆ, ಕೈಯಲ್ಲಿ ಬಿಡಿಸುವುದು ಒಂದು ಭಾಗ, ಕಂಪ್ಯೂಟರಿನಲ್ಲಿ ಉತ್ತರಿಸುವುದು ಇನ್ನೊಂದು. ಡಿಸೈನಿಗೆ ಈ ಅಡ್ಡಿಯಿಲ್ಲ. ಪೊವಾಯಿಯ ಐಐಟಿಯ ಬಿ.ಡೆಸ್‌ಗೆ ಯುಸೀಡ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಯಾವ ವಿಭಾಗದವರೂ ಬರೆಯಬಹುದು. ಗಣಿತದ ಹೆದರಿಕೆಗೆ ಆರ್ಕಿಟೆಕ್ಚರ್ ಬಿಡಬೇಡಿ, ಅಲ್ಲಿ ಬೇಕಾಗುವ ಗಣಿತ ಅಂಥ ಭಯಂಕರವಾದದ್ದಲ್ಲ. ಆದರೆ ಬಾಗಿಲಲ್ಲಿ ಕೇಳುವ ಸರ್ಟಿಫಿಕೇಟು ಕೇಳಿಯೇ ಕೇಳುತ್ತಾರೆ.

ಜೆ.ಜೆ.ಯಲ್ಲಿ ನಮ್ಮ ಕನ್ನಡದವರ ಗುರುತು ಏನಾದರೂ ಉಂಟೆ? (ಹಿರಿಯ ಓದುಗರು, ಮಾಟುಂಗಾ)

ಉಂಟು. ಉಡುಪಿಯ ಹತ್ತಿರ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಜೆ.ಜೆ.ಯಲ್ಲಿ ಕಲಿತು, ಆಮೇಲೆ ಅಲ್ಲೇ ಪಾಠ ಮಾಡಿದರು, ಕೊನೆಯವರೆಗೂ ಮುಂಬೈಯಲ್ಲೇ ಬಾಳಿದರು. ಕುಣಿಯುವವರನ್ನು ಒಂದೇ ಗೆರೆಯಲ್ಲಿ ಹಿಡಿಯುವ ಅವರ ಕೈ ನೋಡಿದವರಿಗೆ ಯಕ್ಷಗಾನದ ನೆನಪು ಬಾರದೆ ಇರದು. ಶಾಲೆ ಶುರುವಾದದ್ದು 1857ರಲ್ಲಿ. ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿ ಮೇಷ್ಟರಾಗಿದ್ದಾಗ 1865ರಲ್ಲಿ ಮಗ, ಮುಂದೆ ಇಂಗ್ಲಿಷ್ ಲೇಖಕನಾದ ರಡ್ಯಾರ್ಡ್, ಆ ಆವರಣದಲ್ಲೇ ಹುಟ್ಟಿದ. ಕ್ರಾಫರ್ಡ್ ಮಾರ್ಕೆಟಿನ ಬಾಗಿಲ ಮೇಲಿನ ಉಬ್ಬುಶಿಲ್ಪ ಆ ಅಪ್ಪನದು. ವಿ.ಟಿ. (ಈಗಿನ ಸಿ.ಎಸ್.ಎಂ.ಟಿ.) ಸ್ಟೇಷನ್ನಿನ ಕಲ್ಲಿನ ಎಲೆ, ನವಿಲು, ಮಂಗಗಳಲ್ಲೂ ಜೆ.ಜೆ. ವಿದ್ಯಾರ್ಥಿಗಳ ಕೈಯಿದೆ. ನಮ್ಮವರು ಅದರ ಕೆಳಗೆ ಲೋಕಲ್ ಹಿಡಿಯಲು ಓಡುತ್ತಾರೆ, ಕತ್ತೆತ್ತುವುದಿಲ್ಲ.

ಇನ್ನೊಂದು ಗುರುತು ಬೆಂಗಳೂರಿನಲ್ಲಿದೆ. ಬನ್ನೇರುಘಟ್ಟ ರಸ್ತೆಯ ಐಐಎಂ ಜೆ.ಜೆ.ಯ ದೋಶಿಯವರದು, ಕೃಷಿ ವಿಶ್ವವಿದ್ಯಾಲಯದ ಕಟ್ಟಡಗಳು ಜೆ.ಜೆ.ಯ ಅಚ್ಯುತ ಕಾನ್ವಿಂದೆಯವರದು. ಊರಿಗೆ ಹೋದಾಗ ಐಐಎಂನ ಕಲ್ಲಿನ ಓಣಿಗಳಲ್ಲಿ ಬಿಸಿಲು ಹೇಗೆ ಬೀಳುತ್ತದೆ ನೋಡಿ ಬನ್ನಿ.

ಚೀನಾದ ವಿಶ್ವವಿದ್ಯಾಲಯವೊಂದರಲ್ಲಿ ಆರ್ಕಿಟೆಕ್ಚರ್ ಸೀಟು ಕೊಡಿಸುತ್ತೇನೆ ಅಂತ ಏಜೆಂಟ್ ಹೇಳುತ್ತಾನೆ. ಹೋಗಬಹುದೇ? (ಓದುಗರು, ವಸಯಿ)

ಒಳ್ಳೆಯ ಶಾಲೆಗಳು ಅಲ್ಲಿವೆ. ಶಾಂಘೈಯ ಟೊಂಗ್‌ಜಿಯಲ್ಲಿ ಆರ್ಕಿಟೆಕ್ಚರ್, ನಗರ ಯೋಜನೆ, ಲ್ಯಾಂಡ್‌ಸ್ಕೇಪ್ ಮೂರೂ ಒಂದೇ ಕಾಲೇಜಿನ ಮೂರು ವಿಭಾಗಗಳು. ಡಿಸೈನಿಗೆ 2009ರಲ್ಲಿ ಬೇರೆ ಕಾಲೇಜು ಕಟ್ಟಿದರು. ಆದರೆ ಇಲ್ಲಿ ವಾಪಸು ಬಂದು ಬೋರ್ಡ್ ಹಾಕಬೇಕಲ್ಲ? 1972ರ ಆರ್ಕಿಟೆಕ್ಟ್ಸ್ ಕಾಯಿದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಣಿಯಾಗದವರು ಹೆಸರಿನ ಜೊತೆ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳುವಂತಿಲ್ಲ. ಆ ಪದವಿಗೆ ಕೌನ್ಸಿಲಿನ ಮನ್ನಣೆ ಇದೆಯೇ ಅಂತ ಕೌನ್ಸಿಲಿಗೇ ಬರೆದು ಉತ್ತರ ತರಿಸಿಕೊಳ್ಳಿ. ಏಜೆಂಟನ ವಾಟ್ಸಾಪ್ ಉತ್ತರ ಲೆಕ್ಕಕ್ಕಿಲ್ಲ. ಮುಂಗಡ ಕೊಟ್ಟಿಲ್ಲ ತಾನೆ?

ಮೊದಲ ವರ್ಷಕ್ಕೆ ಸೇರಿದ್ದೇನೆ. ದುಬಾರಿ ಲ್ಯಾಪ್‌ಟಾಪ್ ಈಗಲೇ ಬೇಕೆ? ದಿನಾ ಪನ್ವೇಲಿನಿಂದ ಲೋಕಲ್‌ನಲ್ಲಿ ಓಡಾಟ. (ವಿದ್ಯಾರ್ಥಿ, ಪನ್ವೇಲ್)

ಈಗ ಬೇಡ. ಮೊದಲ ವರ್ಷ ಪೆನ್ಸಿಲು, ಬಟರ್ ಪೇಪರ್, ಸೆಟ್ ಸ್ಕ್ವೇರಿನದು. ಅಪ್ಪನ ದುಡ್ಡು ಎರಡನೇ ವರ್ಷಕ್ಕೆ ಉಳಿಸಿ, ರೆವಿಟ್, ಸ್ಕೆಚ್‌ಅಪ್ ಸಾಫ್ಟ್‌ವೇರುಗಳು ಬಂದಾಗ ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ಸೀನಿಯರುಗಳೇ ಹೇಳುತ್ತಾರೆ. ಎ1 ಶೀಟು ಅಂದರೆ 594ಕ್ಕೆ 841 ಮಿಲಿಮೀಟರ್, ಹಾರ್ಬರ್ ಲೈನಿನ ಬೆಳಗಿನ ಗಾಡಿಯಲ್ಲಿ ಅದನ್ನು ಚಪ್ಪಟೆಯಾಗಿ ಒಯ್ಯುವ ಕನಸು ಬಿಡಿ, ಹೆಗಲಿಗೆ ಹಾಕುವ ಟ್ಯೂಬ್ ಕೊಳ್ಳಿ. ಮಾಡೆಲ್ ಮನೆಯಲ್ಲೇ ಪೂರ್ತಿ ಅಂಟಿಸಬೇಡಿ. ಗೋಡೆ, ಚಾವಣಿ, ತಳ ಬೇರೆ ಬೇರೆ ಮಾಡಿ ಬ್ಯಾಗಿನಲ್ಲಿ ಹಾಕಿ ಒಯ್ದು ಕಾಲೇಜಿನಲ್ಲಿ ಕೂಡಿಸಿ, ಫೆವಿಕಾಲ್ ಮರೆಯದೆ ಜೊತೆಗಿಡಿ. ಸಬ್‌ಮಿಷನ್ ದಿನ ಕುರ್ಲಾದಲ್ಲಿ ಹತ್ತುವವರಿಗೆ ನಿಮ್ಮ ಕಟ್ಟಡದ ಮೇಲೆ ಯಾವ ಮರ್ಯಾದೆಯೂ ಇರುವುದಿಲ್ಲ.